ಶಕುನದ ಮೊಸರು ಲೆಕ್ಕಕ್ಕಿಲ್ಲ

ಸೈಕಲ್ ತುಳಿಯುವುದು ಕಷ್ಟವಲ್ಲ. ಪುಣೆಯ ಧನಕವಡಿಯಿಂದ ವಿಜಯಪುರದವರೆಗೆ ತುಳಿದಿದ್ದೇನೆ, ಅಷ್ಟು ಹೇಳುವ ಹಕ್ಕು ನನಗಿದೆ. ಗಾಳಿ ಎದುರಿಗೇ ಬರುತ್ತದೆ, ಕಬ್ಬಿನ ಟ್ರ್ಯಾಕ್ಟರು ಮೈಮೇಲೇ ಬರುತ್ತದೆ, ಸೀಟು ಎಲ್ಲಿ ಒತ್ತಬಾರದೋ ಅಲ್ಲೇ ಒತ್ತುತ್ತದೆ. ಬರಲಿ, ಒತ್ತಲಿ. ಅದನ್ನೆಲ್ಲ ತಡೆದುಕೊಳ್ಳಬಹುದು. ತಡೆದುಕೊಳ್ಳಲು ಆಗದ್ದು ಒಂದೇ, ದಾರಿಯಲ್ಲಿ ಸಿಕ್ಕ ಪ್ರತಿಯೊಬ್ಬರಿಗೂ "ಹಾಲು ಬೇಡ" ಅನ್ನುವ ಎರಡು ಶಬ್ದ ಅರ್ಥ ಮಾಡಿಸುವುದು. ಹಾಲು ಬೇಡ ಅಂದರೆ ಮೊಸರು ತರುತ್ತಾರೆ. ಮೊಸರೂ ಬೇಡ ಅಂದರೆ ಹೋಗಲಿ ಪಾಪ ಅಂತ ಮಜ್ಜಿಗೆ ತರುತ್ತಾರೆ. ಅದೂ ಬೇಡ ಅಂದರೆ ಹುಡುಗಿಗೆ ಏನೋ ಕಾಯಿಲೆ ಇರಬೇಕು ಅಂತ ಮರುಗಿ, ಬೇಳೆಯ ಮೇಲೆ ಒಂದು ಚಮಚ ತುಪ್ಪ ಹೆಚ್ಚಿಗೇ ಬಿಡುತ್ತಾರೆ.

ಹೊರಗಿನವರದ್ದು ಹೋಗಲಿ. ಮನೆಯದು ಕೇಳಿ.

ನಾನು ವೀಗನ್ ಆಗಿದ್ದು ಕಾಲೇಜಿನ ಕೊನೆಯ ವರ್ಷ. ಕಾತ್ರಜ್ ಕಡೆ ಒಂದು ಎಮ್ಮೆಯ ಕೊಟ್ಟಿಗೆಗೆ ಗೆಳತಿಯ ಜೊತೆ ಹೋಗಿದ್ದೆ. ಅಲ್ಲಿ ಒಂದು ಎಮ್ಮೆಯ ಮುಂದೆ ಕರು ನಿಂತಿತ್ತು, ಅಲುಗಾಡುತ್ತಿರಲಿಲ್ಲ. ಹತ್ತಿರ ಹೋದರೆ ಅದು ಬರೀ ಚರ್ಮ, ಒಳಗೆ ಹುಲ್ಲು ತುಂಬಿದ್ದರು. ಎಮ್ಮೆ ಅದನ್ನು ನೆಕ್ಕುತ್ತಿತ್ತು, ಈ ಕಡೆ ಹಾಲು ಕರೆಯುತ್ತಿದ್ದರು. ಅವತ್ತು ಬಿಟ್ಟೆ. ಈ ಕಥೆಯನ್ನು ಯಾರಿಗೂ ಹೇಳುವುದಿಲ್ಲ, ಯಾಕೆಂದರೆ ಜನ ಕಾರಣ ಕೇಳುವುದೇ ಊಟದ ಹೊತ್ತಿಗೆ, ಅದು ಊಟದ ಹೊತ್ತಿಗೆ ಹೇಳುವ ಮಾತಲ್ಲ. ಉಳಿದದ್ದನ್ನೆಲ್ಲ ವಿಡಿಯೊ ನೋಡಿ ಕಲಿತೆ. ಯಾವುದರಲ್ಲಿ ಏನಿರುತ್ತದೆ, ಯಾವ ಬಿಸ್ಕೀಟಿನಲ್ಲಿ ಹಾಲಿನ ಪುಡಿ ಅಡಗಿರುತ್ತದೆ, ಎಲ್ಲ. ಸೈಕಲ್ಲಿನ ಪಂಕ್ಚರ್ ತಿದ್ದುವುದನ್ನು ಕಲಿತದ್ದೂ ಹಾಗೇ. ಪಂಕ್ಚರ್ ತಿದ್ದುವುದು ಬಂತು. ಸೇಂಗಾದ ಹಾಲಿಗೆ ಹಸಿಮೆಣಸಿನಕಾಯಿಯ ತೊಟ್ಟು ಹಾಕಿ ಮೊಸರು ಮಾಡುವುದನ್ನೂ ಕಲಿತೆ. ಅದು ಬರಲಿಲ್ಲ. ಎರಡು ಸಲ ಮಾಡಿದೆ, ಎರಡು ಸಲವೂ ಅಡಿಗೆಮನೆಯ ಕಿಟಕಿ ತೆಗೆದಿಡಬೇಕಾಯಿತು.

ಅವ್ವ ಜಗಳವಾಡಲಿಲ್ಲ. ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು "ಆತು ಬಿಡು" ಅಂದು, ಮರುದಿನದಿಂದಲೇ ಕದ್ದು ಹಾಕಲು ಸುರು ಮಾಡಿದಳು. ಬೇಳೆಯ ಒಗ್ಗರಣೆಗೆ ತುಪ್ಪ. ಚಪಾತಿಯ ಹಿಟ್ಟಿಗೆ ಹಾಲು. ಕೇಳಿದರೆ, "ಎಣ್ಣಿ ಅದವಾ, ಸೇಂಗಾ ಎಣ್ಣಿ." ನನ್ನ ಮೂಗು ಪೊಲೀಸು ನಾಯಿಯ ಮೂಗಾಯಿತು. ಅಪ್ಪ ಭೋಸರಿಯ ಕಾರ್ಖಾನೆಯ ಪಾಳಿ ಮುಗಿಸಿ ಬಂದು ಹಾಕಿದ್ದನ್ನು ತಿಂದು ಏಳುವ ಮನುಷ್ಯ, ನಾನು ತಾಟು ಎತ್ತಿ ಮೂಸುವುದನ್ನು ನೋಡಿ ತಲೆ ತಗ್ಗಿಸಿ ನಗುತ್ತಿದ್ದರು. ಒಂದು ವರ್ಷ ಹೀಗೇ ನಡೆಯಿತು. ನನ್ನ ಮನೆಯಲ್ಲಿ, ನನ್ನ ತಾಯಿಯ ಕೈಯ ಊಟವನ್ನು, ಮೂಸದೆ ಒಂದು ಸಲ ತಿನ್ನಬೇಕು. ನನಗೆ ಬೇಕಾದದ್ದು ಇಷ್ಟೇ.

ಸೈಕಲ್ ಪ್ರವಾಸ ಹುಟ್ಟಿದ್ದು ಅದರಿಂದಲೇ.

"ಹಾಲು ಮೊಸರು ಇಲ್ಲದ ದೇಹಕ್ಕ ತ್ರಾಣ ಎಲ್ಲಿಂದ ಬರಬೇಕು?" ಅಂದಳು ಅವ್ವ ಒಂದು ಸಂಜೆ. "ಸಾಸವಡಕ್ಕ ಹೋಗಿ ಬಂದು ಮಂಚದ ಮ್ಯಾಲ ಹ್ಯಾಂಗ ಬಿದ್ದಿದ್ದಿ, ನೋಡಿಲ್ಲೇನ ನಾ?"

"ಯಾರರ ಬೀಳ್ತಾರ ಅವ್ವಾ, ದಿವೆ ಘಾಟ ಹತ್ತಿದ್ರ. ವಿಜಾಪುರಕ್ಕ ಹೋಗಿ ತೋರಸ್ಲೇನ? ದೊಡ್ಡವ್ವನ ಮನೀತನಕ?"

"ದಾರ್ಯಾಗ ನಿತ್ರಾಣಾಗಿ ಬಿದ್ದ್ರ?"

"ಬಿದ್ದ್ರ ಬಂದು ಹಾಲು ಕುಡೀತೀನಿ. ನೀ ಹೇಳಿದಷ್ಟು. ಬೀಳಲಿಲ್ಲ ಅಂದ್ರ ನನ್ನ ತಾಟಿಗೆ ಕದ್ದು ಹಾಕೂದು ಬಂದ್."

"ನಾ ಎಲ್ಲಿ ಹಾಕೀನಿ?" ಅಂದಳು. ಆಮೇಲೆ ಚಪಾತಿ ತಿರುವುತ್ತ, "ಆತು" ಅಂದಳು.

ತೀರ್ಪು ಕೊಡಲು ಮಾಮಾನನ್ನು ಜೊತೆಗೆ ಹಾಕಿದಳು. ಮಾಮಾ ಅಂದರೆ ಅವ್ವನ ತಮ್ಮ. ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲ ಮತ್ತು ಸೇಂಗಾದ ಸಗಟು ಅಂಗಡಿಯಲ್ಲಿ ಗುಮಾಸ್ತ. ನಮ್ಮ ಮನೆಯ ಮೇಲಿನ ಮಾಳಿಗೆಯಲ್ಲೇ ಇದ್ದಾನೆ. ಹೊಟ್ಟೆ ಕರಗಿಸಲು ಅಂತ ಸೈಕಲ್ ಕೊಂಡವನು, ಹೊಟ್ಟೆ ಹಾಗೇ ಉಳಿದು ಸೈಕಲ್ಲಿನ ಹುಚ್ಚು ಮಾತ್ರ ಹೆಚ್ಚಾಯಿತು. ದಿನಾ ಸಂಜೆ ಅವ್ವನಿಗೆ ಫೋನ್ ಮಾಡಿ ನಾನು ಏನು ತಿಂದೆ, ಹೇಗಿದ್ದೇನೆ ಅಂತ ವರದಿ ಕೊಡುವುದು ಅವನ ಕೆಲಸ.

ಹೊರಡುವ ಹಿಂದಿನ ದಿನ ನಾನು ಇನ್ನೊಂದು ಮಾತು ಹೇಳಿದೆ. ನಮ್ಮಲ್ಲಿ ಪರೀಕ್ಷೆಗೆ ಹೋಗಲಿ, ಊರಿಗೆ ಹೋಗಲಿ, ಹೊರಡುವವರ ಅಂಗೈ ಮೇಲೆ ಬಾಗಿಲಲ್ಲಿ ಒಂದು ಚಮಚ ಮೊಸರು ಸಕ್ಕರೆ ಹಾಕುತ್ತಾರೆ. ಅದನ್ನು ನೆಕ್ಕಿಯೇ ಹೊಸ್ತಿಲು ದಾಟಬೇಕು. ಇಲ್ಲಿನ ಮರಾಠಿಯವರಲ್ಲೂ ಹಾಗೇ, ನಮ್ಮವರಲ್ಲೂ ಹಾಗೇ. "ನಾಳೆ ನನ್ನ ಮುಂದ ಮೊಸರು ಹಿಡಕೊಂಡು ನಿಂದ್ರಬ್ಯಾಡ ಅವ್ವಾ, ನಾ ಕೈ ಚಾಚಂಗಿಲ್ಲ" ಅಂದೆ. ಅವ್ವ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಳು.

ಬೆಳಿಗ್ಗೆ ಬಾಗಿಲಿಗೆ ಬಂದಾಗ ಅವಳ ಕೈಯಲ್ಲಿ ಬಟ್ಟಲಿತ್ತು, ಆದರೆ ಮಾಮಾನ ಅಂಗೈಗೆ ಮಾತ್ರ ಹಾಕಿದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮಾಮಾ ನೆಕ್ಕಿ, "ಇಕಿ ಪಾಲಿಂದೂ ನನಗs ಹಾಕು" ಅಂತ ಮತ್ತೆ ಕೈ ಚಾಚಿದ. ನಾನು ಗೆದ್ದೆ ಅಂದುಕೊಂಡೆ. ಅಷ್ಟು ಸುಲಭಕ್ಕೆ ಬಿಡುವ ಹೆಂಗಸಲ್ಲ ಅವಳು ಅಂತ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಬುತ್ತಿಗೆ ಧಪಾಟಿ ಕಟ್ಟಿದ್ದಳು, ಜೋಳದ ಹಿಟ್ಟು, ಕಡಲೆ ಹಿಟ್ಟು, ಮೆಂತ್ಯದ ಸೊಪ್ಪು, ಅಜಿವಾನ ಹಾಕಿ ತಟ್ಟಿದ್ದು. ನಾಲ್ಕು ದಿನ ಇಟ್ಟರೂ ಕೆಡುವುದಿಲ್ಲ.

"ಮೊಸರಿನ್ಯಾಗ ನಾದಿಲ್ಲಲ?"

"ನೀರಿನ್ಯಾಗ ನಾದೀನಿ."

ಮೂಸಿದೆ. ಮೆಂತ್ಯದ ವಾಸನೆ ಬಿಟ್ಟು ಬೇರೇನೂ ಬರಲಿಲ್ಲ. ಮೆಂತ್ಯವನ್ನು ಆ ಕಾರಣಕ್ಕೇ ಅಷ್ಟು ಸುರಿದಿದ್ದಾಳೆ ಅಂತ ಯಾರಿಗೆ ಗೊತ್ತು!

ಹಡಪಸರ್ ಇನ್ನೂ ದಾಟಿರಲಿಲ್ಲ, ಮಾಮಾ ಬ್ರೇಕ್ ಹಾಕಿದ.

"ಒಂದು ಧಪಾಟಿ ತಿನ್ನು."

"ಹಸಿವಿಲ್ಲ ಮಾಮಾ. ಈಗ ಮನಿಯಿಂದ ಹೊಂಟೀವಿ."

"ಒಂದು ತುಣಕರ ತಿನ್ನು. ಊರು ದಾಟೂದ್ರೊಳಗ ತಿನಬೇಕು."

"ಯಾಕ?"

"ಯಾಕ ಅಂದ್ರ... ಕಾರ್ಬೋಹೈಡ್ರೇಟ್."

ಮಾಮಾನ ಬಾಯಲ್ಲಿ ಆ ಶಬ್ದ ಕೇಳಿ ನನಗೆ ಎಷ್ಟು ಖುಷಿಯಾಯಿತು ಅಂದರೆ ಒಂದಲ್ಲ, ಎರಡು ತಿಂದೆ. ಕೊನೆಗೂ ಯಾರೋ ನನ್ನ ಮಾತು ಕೇಳಿಸಿಕೊಂಡಿದ್ದಾರೆ ಅನ್ನಿಸಿತು.

ಸೊಲ್ಲಾಪುರದ ಹೆದ್ದಾರಿ ಗೊತ್ತಲ್ಲ, ನೆಟ್ಟಗೆ ಇದೆ, ನೆರಳಿಲ್ಲ. ಯವತದ ಹತ್ತಿರ ಚಹಾದ ಗಾಡಿಯಲ್ಲಿ ಹಾಲು ಹಾಕದ ಚಹಾ ಕೇಳಿದೆ. ಗಾಡಿಯವನು ಪಾತ್ರೆಯ ಮುಚ್ಚಳ ಎತ್ತಿ ತೋರಿಸಿದ. "ಕೋರಾ ಚಹಾ? ದೂಧ್ ಸಂಪ್ಲಂ ನಾಹೀ, ತಾಈ!" ಹಾಲು ಮುಗಿದಿಲ್ಲವಂತೆ. ಹಾಲು ಮುಗಿದಿದ್ದರೆ ಮಾತ್ರ ಮನುಷ್ಯರು ಕರಿ ಚಹಾ ಕುಡಿಯುತ್ತಾರೆ ಅನ್ನುವುದು ಅವನ ಲೆಕ್ಕ. ಬೇರೆ ಪಾತ್ರೆಯಲ್ಲಿ ಮಾಡಪ್ಪಾ ಅಂದೆ. ಮಾಡಿದ. ಸಕ್ಕರೆ ಕಲಕಲು ಹಾಲಿನ ಪಾತ್ರೆಯಲ್ಲಿದ್ದ ಚಮಚ ತೆಗೆದು ನನ್ನ ಗ್ಲಾಸಿನಲ್ಲಿ ಅದ್ದಿದ. ಕರಿ ಚಹಾದಲ್ಲಿ ಬಿಳಿ ಮೋಡ ಎದ್ದಿತು. ಮಾಮಾ ತನ್ನದನ್ನು ಮುಗಿಸಿ ನನ್ನದನ್ನೂ ಮುಗಿಸಿದ.

ನಾನು ಮಾಡಿಕೊಂಡು ಬಂದಿದ್ದ ಓಟ್ಸ್ ಬಾರುಗಳ ಬಗ್ಗೆ ಹೇಳದೇ ಇರುವುದು ಒಳ್ಳೆಯದು, ಆದರೂ ಹೇಳುತ್ತೇನೆ. ವಿಡಿಯೊದಲ್ಲಿ ಅವು ಇಟ್ಟಿಗೆಯ ಹಾಗೆ ನಿಂತಿದ್ದವು. ನನ್ನವು ಹೆದ್ದಾರಿಯ ಮೊದಲ ತಗ್ಗಿಗೇ ರವೆಯಾದವು. ಹಾಗಾಗಿ ದಿನವೆಲ್ಲ ಧಪಾಟಿಯ ಮೇಲೇ ನಡೆದೆ. ಕಾಲು ಚೆನ್ನಾಗಿಯೇ ತಿರುಗುತ್ತಿದ್ದವು. ಭಿಗವಣಕ್ಕೆ ಮುಟ್ಟುವ ಹೊತ್ತಿಗೆ ಇನ್ನೂ ಬಿಸಿಲಿತ್ತು. ಲಾಡ್ಜಿನ ಕೋಣೆಗಳಲ್ಲಿ ಚೀಲ ಇಟ್ಟು, "ಪಂಕ್ಚರ್ ಅಂಗಡಿ ಎಲ್ಲೈತಿ ನೋಡಿ ಬರತೀನಿ" ಅಂತ ಮಾಮಾ ಹೊರಗೆ ಹೋದ.

ಪಂಕ್ಚರ್ ತಿದ್ದುವವಳು ನಾನು. ಅವನಿಗೆ ಅಂಗಡಿ ಯಾಕೆ? ಹಿಂದೆಯೇ ಹೋದೆ.

ಭಿಗವಣ ಹೆಸರುವಾಸಿಯಾಗಿರುವುದು ಒಂದೇ ಒಂದಕ್ಕೆ, ಅಲ್ಲಿನ ಹಿನ್ನೀರಿನ ಮೀನಿಗೆ. ನಮ್ಮ ಮನೆತನದಲ್ಲಿ ಮೊಟ್ಟೆ ಒಡೆದ ವಾಸನೆಗೂ ಕದ ಹಾಕುತ್ತಾರೆ. ನಮ್ಮ ಮಾಮಾ ಒಂದು ಧಾಬಾದ ಮೂಲೆಯಲ್ಲಿ, ಗೋಡೆಗೆ ಮುಖ ಮಾಡಿ, ಮುಳ್ಳು ಬಿಡಿಸಿ ಬಿಡಿಸಿ ತಾಟಿನ ಅಂಚಿಗೆ ಸಾಲಾಗಿ ಇಡುತ್ತಿದ್ದ. ಅಭ್ಯಾಸದ ಕೈ ಅದು.

"ಮಾಮಾ."

ತಿರುಗಿದ. ಬಾಯಿ ತುಂಬಿತ್ತು. "ಬದನಿಕಾಯಿ" ಅಂದ.

"ಬದನಿಕಾಯಿಗೆ ಕಣ್ಣು ಇರ್ತಾವೇನ?"

"ನಮ್ಮವ್ವಾ, ನನ ತಾಯೀ, ಅಕ್ಕಗ ಹೇಳಬ್ಯಾಡ. ನಿನ್ನ ಕಾಲಿಗೆ ಬೀಳ್ತೀನಿ. ಅಕಿ ನನ್ನ ಮನಿಯೊಳಗ ಬಿಟಗೊಳ್ಳಂಗಿಲ್ಲ."

"ದಿನಾ ನನ್ನ ವರದಿ ಕೊಡೂದು ನೀನು. ನಿನ್ನ ವರದಿ ಕೊಡೂದು ಯಾರು?"

"ನಾನೂ ನಿನಗ ಒಂದು ಮಾತು ಹೇಳಿಲ್ಲಲ! ಅದನ್ನ ಹೇಳಿದ್ರ ನೀ ಹಡಪಸರಿಂದನs ತಿರುಗಿ ಹೋಗ್ತಿದ್ದಿ!" ಅಂದುಬಿಟ್ಟ. ಅಂದ ಮೇಲೆ ಬಾಯಿ ಮುಚ್ಚಿದ. ತಡವಾಗಿತ್ತು.

ನಾನು ಎದುರಿಗೆ ಕುರ್ಚಿ ಎಳೆದುಕೊಂಡು ಕೂತೆ. ಮೀನಿನ ಕಣ್ಣೂ ನನ್ನನ್ನೇ ನೋಡುತ್ತಿತ್ತು.

"ಏನು ಹೇಳಿಲ್ಲ?"

"ಧಪಾಟಿ..."

"ಮೊಸರು?"

"ಒಂದು ಚಮಚಾ. ಬರೇ ಒಂದು ಚಮಚಾ. ಮತ್ತ ಒಂದು ಚಿಟಿಕಿ ಸಕ್ಕರಿ. ಊರು ದಾಟೂದ್ರೊಳಗ ಒಂದು ತುತ್ತರ ಹೊಟ್ಟಿಗೆ ಹೋಗಬೇಕು ಅಂತ ನನಗ ಆಣಿ ಹಾಕಸ್ಯಾಳ."

ಅಷ್ಟು ಹೊತ್ತಿಗೆ ನನ್ನ ಹೊಟ್ಟೆಗೆ ಅದು ಎಷ್ಟು ತುತ್ತು ಹೋಗಿತ್ತೋ! ದಿನವಿಡೀ ನಾನು ನನ್ನ ಕಾಲುಗಳ ಬಗ್ಗೆ ಅಭಿಮಾನ ಪಟ್ಟದ್ದು ಮೊಸರಿನ ಮೇಲೆ. ಕಾರ್ಬೋಹೈಡ್ರೇಟಂತೆ! ಅಲ್ಲಿಂದಲೇ ಫೋನ್ ಹಚ್ಚಿದೆ.

"ಅವ್ವಾ, ಧಪಾಟಿಯೊಳಗ ಮೊಸರು ಹಾಕೀಯೇನ?"

"ಆ ಹೊಟ್ಟಿಬಾಕನ ಬಾಯಾಗ ಮಾತು ನಿಲ್ಲಂಗಿಲ್ಲ" ಅಂದಳು.

"ನೀರಿನ್ಯಾಗ ನಾದೀನಿ ಅಂದಿ!"

"ನೀರಿನ್ಯಾಗನ ನಾದೀನಿ. ಮೊಸರು ಮ್ಯಾಲ ಹಾಕೀನಿ."

"ಅವ್ವಾ!"

"ಮತ್ತೇನ್ ಮಾಡ್ಲಿ? ಬಾಗಲದಾಗ ಕೈ ಚಾಚಂಗಿಲ್ಲ ಅಂದಿ. ಲಾರಿ, ಟ್ರಕ್ಕಿನ ದಾರಿ ಅದು. ಬರಿಗೈಲೆ ಕಳಿಸ್ಲೇನ? ಅದು ಊಟ ಅಲ್ಲ, ಶಕುನ. ಶಕುನದ ಮೊಸರು ಲೆಕ್ಕಕ್ಕಿಲ್ಲ."

ನನಗೆ ಸಿಟ್ಟು ಬಂದದ್ದು ಮೊಸರಿಗಲ್ಲ. ಈಗ ನಾನು ವಿಜಯಪುರ ಮುಟ್ಟಿದರೂ, "ನನ್ನ ಮೊಸರs ಮುಟ್ಟಿಸ್ತು" ಅನ್ನುತ್ತಾಳೆ. ಮುಟ್ಟದಿದ್ದರೆ, "ಅಷ್ಟು ಮೊಸರು ಸಾಲಲಿಲ್ಲ" ಅನ್ನುತ್ತಾಳೆ. ಯಾವ ಕಡೆ ತುಳಿದರೂ ಗೆಲ್ಲುವವಳು ಅವಳೇ. ಇಂಥ ಆಟ ಎಲ್ಲಾದರೂ ಉಂಟೇ! ಅದನ್ನೇ ಅವಳಿಗೆ ಹೇಳಿದೆ, ಸ್ವಲ್ಪ ಜೋರಾಗಿಯೇ. ಧಾಬಾದಲ್ಲಿ ಊಟಕ್ಕೆ ಕೂತವರೆಲ್ಲ ತಿರುಗಿ ನೋಡಿದರು.

"ಆತು" ಅಂದಳು ಕೊನೆಗೆ. "ನಾಳಿಂದ ಲೆಕ್ಕ. ಉಳಿದ ಧಪಾಟಿ ನಿಮ್ಮ ಮಾಮಾಗ ಕೊಡು. ನೀ ಏನ್ ತಿಂತಿ ತಿನ್ನು. ಆದ್ರ ಬಿದ್ದಿ ಅಂದ್ರ ಹಾಲು."

"ಬಿದ್ದ್ರ ಹಾಲು. ಬೀಳಲಿಲ್ಲಂದ್ರ ಕದ್ದು ಹಾಕಂಗಿಲ್ಲ."

"ಆತಂದ್ನೆಲ್ಲ. ಅಲ್ಲೇನ ವಾಸನಿ ಬರ್ಲಿಕತ್ತೈತಿ? ಅಂವ ಏನ್ ತಿನ್ನಾಕತ್ತಾನ?"

ಫೋನಿನಲ್ಲಿ ವಾಸನೆ ಬರುವುದಿಲ್ಲ. ಬರುತ್ತಿದ್ದರೆ ಅದು ಅವ್ವನಿಗೊಬ್ಬಳಿಗೇ ಬರುತ್ತದೆ. ಮಾಮಾ ಎರಡೂ ಕೈ ಜೋಡಿಸಿ ನಿಂತಿದ್ದ, ಬೆರಳಿಗೆ ಮಸಾಲೆ ಅಂಟಿತ್ತು.

"ಬದನಿಕಾಯಿ" ಅಂದೆ.

ಮರುದಿನ ಬೆಳಿಗ್ಗೆ ಧಪಾಟಿಯ ಗಂಟು ಮಾಮಾನ ಸೈಕಲ್ಲಿಗೆ ಹೋಯಿತು. ನನ್ನ ಹತ್ತಿರ ಉಳಿದದ್ದು ಒಂದು ಹಿಡಿ ಖರ್ಜೂರ, ಓಟ್ಸಿನ ರವೆ. ಪರವಾಗಿಲ್ಲ ಅಂದುಕೊಂಡೆ. ಈ ಹೆದ್ದಾರಿಯಲ್ಲಿ ಯಾವ ಸಣ್ಣ ಧಾಬಾಕ್ಕೆ ಹೋದರೂ ಜೋಳದ ರೊಟ್ಟಿಯೇ ಆದ ಭಾಕರಿ, ಕಡಲೆಹಿಟ್ಟಿನ ಝುಣಕ, ಕುಟ್ಟಿದ ಹಸಿಮೆಣಸಿನ ಠೇಚಾ ಸಿಗುತ್ತದೆ. ಯಾವುದರಲ್ಲೂ ಹಾಲಿಲ್ಲ, ತುಪ್ಪವಿಲ್ಲ. ನನ್ನಂಥವಳಿಗೆ ಅಂತಲೇ ಮಾಡಿದ ಊಟ. ಇಂದಾಪುರದ ಹತ್ತಿರ ಅಂಥದೇ ಒಂದು ಧಾಬಾ ಸಿಕ್ಕಿತು. ತಗಡಿನ ಚಪ್ಪರ, ಒಲೆಯ ಮುಂದೆ ಒಬ್ಬ ವಯಸ್ಸಾದ ಹೆಂಗಸು, ಇಲ್ಲಿನವರ ಮಾತಿನಲ್ಲಿ ಮಾವಶಿ, ಅವಳ ಕೈಯಲ್ಲಿ ಆಗಲೇ ಭಾಕರಿ ತಿರುಗುತ್ತಿತ್ತು. ನನ್ನ ಬಾಯಲ್ಲಿ ನೀರು ಬಂತು. ಟೈರಿಗೆ ಮುಳ್ಳು ಚುಚ್ಚಿದೆಯೇನೋ ಅಂತ ನೋಡಲು ಒಂದು ನಿಮಿಷ ಹಿಂದೆ ಉಳಿದೆ. ಆ ಒಂದು ನಿಮಿಷದಲ್ಲಿ ಮಾಮಾ ಒಳಗೆ ಹೋದ.

ಅವನು ನನಗೆ ಉಪಕಾರ ಮಾಡಬೇಕು ಅಂತಿದ್ದ. ಧಪಾಟಿಯ ಪಾಪ ಕಳೆದುಕೊಳ್ಳಬೇಕಲ್ಲ. ವೀಗನ್ ಗೀಗನ್ ಅಂದರೆ ಈ ಹೆಂಗಸಿಗೆ ತಿಳಿಯುವುದಿಲ್ಲ, ಎಲ್ಲರಿಗೂ ತಿಳಿಯುವ ಹಾಗೆ ಹೇಳಬೇಕು ಅಂತ ತಲೆ ಓಡಿಸಿ, "ಮಾವ್ಶಿ, ಪೋರೀಚಾ ಉಪಾಸ್ ಆಹೆ" ಅಂದುಬಿಟ್ಟಿದ್ದ. ಹುಡುಗಿಗೆ ಉಪವಾಸ.

ನಾನು ಕೈ ತೊಳೆದುಕೊಂಡು ಒಳಗೆ ಬರುವ ಹೊತ್ತಿಗೆ ಮಾವಶಿ ನನಗಾಗಿ ಬೇರೆ ಬಾಣಲೆ ತೊಳೆದು, ಸಾಬೂದಾಣಿಯ ಖಿಚಡಿ ಮಾಡಿ ತಂದಿಟ್ಟಿದ್ದಳು. ತುಪ್ಪ ಎಷ್ಟು ಹಾಕಿದ್ದಳು ಅಂದರೆ ಖಿಚಡಿ ತಾಟಿನಲ್ಲಿ ತೇಲುತ್ತಿತ್ತು. ಪಕ್ಕಕ್ಕೆ ಒಂದು ಬಟ್ಟಲು ಮೊಸರು. ಅದರ ಪಕ್ಕಕ್ಕೆ ಒಂದು ದೊಡ್ಡ ಗ್ಲಾಸು ಹಾಲು, ಮೇಲೆ ಕೆನೆ.

ಉಪವಾಸ ಅಂದರೆ ಈ ಸೀಮೆಯಲ್ಲಿ ಏನು ಅಂತ ಮಾಮಾನಿಗೆ ಗೊತ್ತಿರಲಿಲ್ಲವೇ? ಹುಟ್ಟಿದಾಗಿನಿಂದ ಪುಣೆಯಲ್ಲೇ ಇದ್ದಾನೆ! ಧಾನ್ಯ ಬಿಟ್ಟು ಹಾಲು, ತುಪ್ಪ, ಮೊಸರಿನ ಮೇಲೆ ಬದುಕುವುದಕ್ಕೇ ಅಲ್ಲವೇ ಇಲ್ಲಿ ಉಪವಾಸ ಅನ್ನುವುದು? ನನಗೆ ಏನು ಬೇಡವೋ ಅದೆಲ್ಲವನ್ನೂ ಒಂದೇ ಶಬ್ದದಲ್ಲಿ ತರಿಸಿದ್ದ.

"ಮಾವ್ಶಿ, ತೂಪ್ ನಕೋ, ದೂಧ್ ನಕೋ, ದಹೀ ನಕೋ" ಅಂದೆ ನಾನು, ತುಪ್ಪ, ಹಾಲು, ಮೊಸರು ಒಂದೊಂದನ್ನೂ ಪಕ್ಕಕ್ಕೆ ಸರಿಸುತ್ತ.

"ಉಪಾಸಾಲಾ ತೂಪ್ ಚಾಲ್ತಂ ಕೀ!" ಅಂದಳು ಅವಳು, ಉಪವಾಸಕ್ಕೆ ತುಪ್ಪ ನಡೆಯುತ್ತದಲ್ಲ ಅಂತ. ಪಾಪ, ನನಗೆ ಶಾಸ್ತ್ರ ಗೊತ್ತಿಲ್ಲ ಅಂದುಕೊಂಡು ಸಮಾಧಾನ ಮಾಡುತ್ತಿದ್ದಳು.

"ನನಗೆ ಅದು ಕೊಡಿ" ಅಂತ ಒಲೆಯ ಮೇಲಿನ ಭಾಕರಿ ತೋರಿಸಿದೆ. ಝುಣಕದ ಪಾತ್ರೆ ತೋರಿಸಿದೆ.

ಅವಳ ಮುಖ ಬದಲಾಯಿತು. ಉಪವಾಸದ ಹುಡುಗಿ ಜೋಳದ ಭಾಕರಿ ಕೇಳುತ್ತಿದ್ದಾಳೆ! ಭಾಕರಿಯ ಬುಟ್ಟಿಯನ್ನು ಮೆಲ್ಲಗೆ ತನ್ನ ಹಿಂದಕ್ಕೆ ಸರಿಸಿದಳು. ಇಲ್ಲ, ಉಪವಾಸ ಇಲ್ಲ, ಇವರು ಸುಳ್ಳು ಹೇಳಿದರು ಅಂದೆ. ಹಸಿವಿಗೆ ಎಲ್ಲರೂ ಹಾಗೇ ಅನ್ನುತ್ತಾರೆ, ಸಂಜೆಯವರೆಗೆ ತಡೆದುಕೋ ಮಗಾ, ನಿನ್ನ ವ್ರತ ಮುರಿದ ಪಾಪ ನನ್ನ ಒಲೆಗೆ ಬೇಡ ಅಂದಳು. ಹಾಲೂ ಬೇಡ, ತುಪ್ಪವೂ ಬೇಡ ಅನ್ನುವ ಈ ಉಪವಾಸ ಅವಳಿಗೆ ತಲೆಗೇ ಹತ್ತಲಿಲ್ಲ. ಕೊನೆಗೆ ಮಾಮಾನ ಕಡೆ ತಿರುಗಿ, "ಹಾ ಕುಠ್ಲ್ಯಾ ದೇವಾಚಾ ಉಪಾಸ್?" ಅಂತ ಕೇಳಿದಳು. ಇದು ಯಾವ ದೇವರ ಉಪವಾಸ?

ಮಾಮಾ ಖಿಚಡಿಯ ತಾಟನ್ನು ತನ್ನ ಕಡೆ ಎಳೆದುಕೊಳ್ಳುತ್ತ, "ಸಾಯ್ಕಲ್‌ಚ್ಯಾ ದೇವಾಚಾ" ಅಂದ. ಸೈಕಲ್ ದೇವರದು.

ನನಗೆ ಎರಡು ಬಾಳೆಹಣ್ಣು ಸಿಕ್ಕವು. ನನ್ನ ಕಣ್ಣ ಮುಂದೆಯೇ ಮಾಮಾ ಖಿಚಡಿ ತಿಂದ, ಮೊಸರು ತಿಂದ, ಹಾಲು ಕುಡಿದ, ಮೇಲೆ ಭಾಕರಿ ಝುಣಕವನ್ನೂ ತರಿಸಿಕೊಂಡ. ಅವನಿಗೆ ಉಪವಾಸ ಇರಲಿಲ್ಲವಲ್ಲ. ಒಂದು ತುಂಡು ಭಾಕರಿಯನ್ನು ಮೇಜಿನ ಕೆಳಗಿಂದ ನನಗೆ ದಾಟಿಸಲು ನೋಡಿದ, ಮಾವಶಿ ಒಲೆಯ ಹತ್ತಿರದಿಂದಲೇ ಕೆಮ್ಮಿದಳು. ಹೊರಗೆ ಬಂದ ಮೇಲೆ ನಾನು ಅವನ ಜೊತೆ ಮಾತು ಬಿಟ್ಟೆ. ಭೀಮೆಯ ಸೇತುವೆ ದಾಟುವವರೆಗೂ ಅವನು ಹಿಂದಿನಿಂದ, "ನಿನ್ನ ಒಳ್ಳೇದಕ್ಕ ಹೇಳಿದ್ನವಾ" ಅನ್ನುತ್ತಲೇ ಬಂದ.

ಟೆಂಭುರ್ಣಿ ದಾಟಿದ ಮೇಲೆ ಎದುರುಗಾಳಿ ಸುರುವಾಯಿತು. ಫೆಬ್ರವರಿಯ ಬಿಸಿಲು ಮಧ್ಯಾಹ್ನಕ್ಕೆ ಬೇಸಿಗೆಯದೇ ಆಗಿತ್ತು. ಮುಂದೊಂದು ಧಾಬಾ ಸಿಗುತ್ತದೆ ಅಂತ ತುಳಿದೆ, ಸಿಕ್ಕದ್ದು ಬರೀ ಪೆಟ್ರೋಲ್ ಪಂಪು. ಓಟ್ಸಿನ ರವೆಯನ್ನು ಬಾಯಿಗೆ ಸುರಿದುಕೊಂಡರೆ ಗಾಳಿಗೆ ಅರ್ಧ ಮಾಮಾನ ಕನ್ನಡಕದ ಮೇಲೆ ಹೋಯಿತು. ಖರ್ಜೂರ ಮುಗಿಯಿತು. ಆಮೇಲೆ ಮೊದಲು ಮಾತು ನಿಂತಿತು, ಆಮೇಲೆ ಸಿಟ್ಟು ನಿಂತಿತು. ಸಿಟ್ಟು ನಿಂತಾಗ ನನಗೆ ಹೆದರಿಕೆಯಾಯಿತು. ರಸ್ತೆಯ ಬಿಳಿ ಪಟ್ಟೆ ಎರಡಾಗಿ ಕಾಣುತ್ತಿತ್ತು. ಸೈಕಲ್ ನಿಲ್ಲಿಸಿದ್ದು ನೆನಪಿದೆ. ಬೇವಿನ ಮರದ ಬುಡಕ್ಕೆ ಕೂತದ್ದು ನೆನಪಿದೆ. ಕೂತೆನೋ ಬಿದ್ದೆನೋ, ಅದನ್ನು ನನಗೆ ಈಗಲೂ ಖಚಿತವಾಗಿ ಹೇಳಲು ಬರುವುದಿಲ್ಲ.

ಮಾಮಾ ಓಡಿ ಬಂದ. ಎದುರಿಗೆ ಒಂದು ಅಂಗಡಿಯಲ್ಲಿ ಮಣ್ಣಿನ ಗಡಿಗೆಯಲ್ಲಿ ಮಜ್ಜಿಗೆ ಮಾರುತ್ತಿದ್ದರು. ಒಂದು ಗ್ಲಾಸು ತಂದು ನನ್ನ ಮುಂದೆ ಹಿಡಿದ. ಗ್ಲಾಸಿನ ಹೊರಗೆ ತಣ್ಣಗೆ ಹನಿಗಳಿದ್ದವು.

"ಕುಡಿ. ನಾ ಯಾರಿಗೂ ಹೇಳಂಗಿಲ್ಲ. ನೀ ಮೀನಿಂದು ಹೇಳಿಲ್ಲ, ನಾ ಮಜ್ಜಿಗಿ ಹೇಳಂಗಿಲ್ಲ. ಸರೀಗೆ ಸರಿ."

ಕೈ ಚಾಚಿದೆ. ಸುಳ್ಳು ಯಾಕೆ ಹೇಳಲಿ, ಚಾಚಿದೆ. ಗ್ಲಾಸು ಬೆರಳಿಗೆ ತಾಕಿತು. ಕದ್ದು ಹಾಕುವುದನ್ನು ನಿಲ್ಲಿಸಲು ಹೊರಟವಳು ಕದ್ದು ಕುಡಿಯುವುದೇ ಅಂತ ತಲೆಯಲ್ಲಿ ಬಂತು. ಅಷ್ಟರಲ್ಲಿ ಮಾಮಾನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಅವ್ವ. ಸಂಜೆಗೆ ಕಾಯುವಷ್ಟು ತಾಳ್ಮೆ ಅವಳಿಗೆ ಎಲ್ಲಿದೆ! ಗಾಬರಿಯಲ್ಲಿ ಅವನು ಸ್ಪೀಕರ್ ಒತ್ತಿದ.

"ಎಲ್ಲಿದ್ದೀರಿ? ಹ್ಯಾಂಗಿದ್ದಾಳ?"

"ಇದ್ದಾಳ ಅಕ್ಕಾ... ಚೊಲೋ ಇದ್ದಾಳ... ಸ್ವಲ್ಪ ಕೂತಾಳ."

"ಕೂತಾಳೋ, ಬಿದ್ದಾಳೋ?"

ಮಾಮಾ ನನ್ನ ಮುಖ ನೋಡಿದ. ಮುಗಿಯಿತು ಅಂದುಕೊಂಡೆ. ಈಗ ಹಾಲು ಅನ್ನುತ್ತಾಳೆ. ಮಜ್ಜಿಗೆ ಕುಡಿಸು ಅನ್ನುತ್ತಾಳೆ. ವರ್ಷದಿಂದ ಅವಳು ಕಾಯುತ್ತಿದ್ದ ಗಳಿಗೆ ಇದೇ.

"ತಮ್ಮಾ, ಕೇಳಿಲ್ಲಿ," ಅಂದಳು ಅವ್ವ. "ನೀರಿಗೆ ಉಪ್ಪು ಸಕ್ಕರಿ ಹಾಕಿ ಕುಡಸು. ತಲಿ ತೋಯಸು. ಅಲ್ಲೆಲ್ಲರ ಕಬ್ಬಿನ ಹಾಲು ಸಿಗತದೇನ ನೋಡು, ಅದನ್ನ ಕುಡೀತಾಳ ಅಕಿ. ಐಸ್ ಹಾಕಸಬ್ಯಾಡ. ಆಮ್ಯಾಲ ಹೊಟ್ಟಿ ತುಂಬ ಏನರ ತಿನ್ನಸು, ಅಕಿಗೆ ನಡೆಯೂದು. ನಿನಗ ನಡೆಯೂದಲ್ಲ."

ಮಾಮಾ ಮಜ್ಜಿಗೆಯ ಗ್ಲಾಸನ್ನು ಬೆನ್ನ ಹಿಂದೆ ಬಚ್ಚಿಟ್ಟ, ಫೋನಿನಲ್ಲಿ ಕಾಣುತ್ತದೆಯೇನೋ ಅನ್ನುವ ಹಾಗೆ. "ಅಕ್ಕಾ, ಮತ್ತ ಪಂದ್ಯಾ? ಬಿದ್ದಂಗ ಆತಲ?"

"ಬಿದ್ದಾಳಂತ ಯಾರಂದ್ರು? ಕೂತಾಳ ಅಂದೀ ಇಲ್ಲೋ? ಕೂತದ್ದು ಲೆಕ್ಕಕ್ಕಿಲ್ಲ" ಅಂತ ಫೋನ್ ಇಟ್ಟಳು.

ಸ್ವಲ್ಪ ಮುಂದೆ ಒಂದು ರಸವಂತಿ ಇತ್ತು, ಕಬ್ಬಿನ ಗಾಣದ ಗಾಲಿಗೆ ಗೆಜ್ಜೆ ಕಟ್ಟಿದ್ದು. ಮಾಮಾ ಸೈಕಲ್ಲಿನ ನೀರಿನ ಬಾಟಲಿಯಲ್ಲೇ ರಸ ತುಂಬಿಸಿಕೊಂಡು ಬಂದ. ಅರ್ಧ ಬಾಟಲಿ ಹೋದ ಮೇಲೆ ಬಿಳಿ ಪಟ್ಟೆ ಒಂದಾಯಿತು. ಪೂರ್ತಿ ಹೋದ ಮೇಲೆ ಸಿಟ್ಟೂ ವಾಪಸು ಬಂತು. ಮಾಮಾನನ್ನು ಮನಸಾರೆ ಬೈದೆ. "ಹಾಂ, ಈಗ ಆರಾಮಾದಿ" ಅಂದ ಅವನು. ಅವತ್ತು ಮೋಹೋಳದ ಧಾಬಾದಲ್ಲಿ ಅವನನ್ನು ಹೊರಗೇ ನಿಲ್ಲಿಸಿ ನಾನೊಬ್ಬಳೇ ಒಳಗೆ ಹೋಗಿ, ಭಾಕರಿ ಝುಣಕ ಹೊಟ್ಟೆ ತುಂಬ ತಿಂದು ಬಂದು, ಆಮೇಲೆ ಅವನನ್ನು ಒಳಗೆ ಬಿಟ್ಟೆ.

ಮುಂದಿನದಕ್ಕೆ ಕಥೆ ಇಲ್ಲ. ಸೊಲ್ಲಾಪುರ ದಾಟಿದ ಮೇಲೆ ಫಲಕಗಳಲ್ಲಿ ಕನ್ನಡ ಬಂತು, ಎದುರುಗಾಳಿ ಮಾತ್ರ ಭಾಷೆ ಬದಲಿಸದೆ ಹಾಗೇ ಇತ್ತು. ವಿಜಯಪುರದಲ್ಲಿ ದೊಡ್ಡವ್ವ ಬಾಗಿಲಲ್ಲೇ ನಿಂತಿದ್ದಳು. ಊಟಕ್ಕೆ ಕೂತಾಗ ರೊಟ್ಟಿ, ಪುಂಡಿಪಲ್ಯೆ, ಗುರೆಳ್ಳು ಚಟ್ನಿ ಬಡಿಸಿ, ಮೊಸರಿನ ಪಾತ್ರೆಯನ್ನು ನನ್ನನ್ನು ದಾಟಿಸಿ ಮಾಮಾನ ಮುಂದೆ ಇಟ್ಟಳು. ನನಗೆ ಆಶ್ಚರ್ಯವಾಯಿತು. "ನಿಮ್ಮವ್ವ ಫೋನ್ ಮಾಡಿದ್ಲು" ಅಂದಳು ದೊಡ್ಡವ್ವ, ಮುಖ ಗಂಟಿಕ್ಕಿ. "ಅಕಿ ತಾಟಿಗೆ ಮೊಸರು ಹಾಕಬ್ಯಾಡ, ವಾದಾನೂ ಮಾಡಬ್ಯಾಡ, ಮಾಡೂದೆಲ್ಲಾ ನಾ ಮಾಡಿ ಮುಗಿಸೀನಿ ಅಂದ್ಲು. ಏನ್ ಹುಚ್ಚವಾ ನಿಮ್ಮ ಮನ್ಯಾಗ."

ಬರುವಾಗ ಸೈಕಲ್ಲುಗಳನ್ನು ಬಸ್ಸಿನ ಮೇಲೆ ಹಾಕಿಕೊಂಡು ಬಂದೆವು.

ಕೆಲವು ವಾರ ಕಳೆದವು. ಮನೆಯಲ್ಲಿ ತಾಟು ಮೂಸುವುದನ್ನು ನಾನು ಬಿಟ್ಟಿರಲಿಲ್ಲ, ರೂಢಿ ಸುಲಭಕ್ಕೆ ಹೋಗುವುದಿಲ್ಲ. ಅವ್ವ ನೋಡಿಯೂ ನೋಡದ ಹಾಗೆ ಇರುತ್ತಿದ್ದಳು. ಒಂದು ಭಾನುವಾರ ಬೆಳಿಗ್ಗೆ ಮಾಮಾನೂ ನಾನೂ ಸಾಸವಡಕ್ಕೆ ಹೊರಟಾಗ ಬಾಗಿಲಿಗೆ ಬಟ್ಟಲು ಹಿಡಿದು ಬಂದಳು.

"ಅವ್ವಾ, ಮತ್ತ ಸುರು ಮಾಡಬ್ಯಾಡ."

"ಸೇಂಗಾದ್ದು" ಅಂದಳು.

ಹಿಂದಿನ ದಿನ ಮಾಮಾನ ಕೈಯಿಂದ ಮಾರ್ಕೆಟ್ ಯಾರ್ಡಿನ ಒಳ್ಳೆಯ ಸೇಂಗಾ ತರಿಸಿ, ನೆನೆಹಾಕಿ, ಸಿಪ್ಪೆ ಬಿಡಿಸಿ, ರುಬ್ಬಿ, ಅಪ್ಪನ ಹಳೆಯ ಪಂಚೆಯಲ್ಲಿ ಸೋಸಿ, ಕಾಯಿಸಿ, ಹೆಪ್ಪು ಹಾಕಿದ್ದಳಂತೆ. ನನಗೆ ತಿಳಿಯದ ಹಾಗೆ. ಬಟ್ಟಲಲ್ಲಿ ಗಟ್ಟಿಯಾಗಿ, ಬೆಳ್ಳಗೆ, ಚಮಚ ಹಾಕಿದರೆ ಕತ್ತರಿಸಿ ಬರುವ ಮೊಸರು. ನನ್ನ ಎರಡು ಪ್ರಯತ್ನಗಳಲ್ಲಿ ಇದರ ನೆರಳೂ ಬಂದಿರಲಿಲ್ಲ. ಕೈ ಚಾಚಿದೆ.

ಅವ್ವ ಚಮಚ ಎತ್ತಿದಳು. ಅರ್ಧಕ್ಕೆ ನಿಲ್ಲಿಸಿದಳು.

"ತಡಿ. ಮೊದಲ ಹೇಳ್ತೀನಿ. ಹೆಪ್ಪಿಗೆ ನಮ್ಮ ಮೊಸರs ಹಾಕೀನಿ. ಒಂದು ಹನಿ."

"ಅವ್ವಾ!"

"ಮತ್ತ ಹೆಪ್ಪಿಲ್ಲದ ಮೊಸರು ಆಗತದೇನ? ಮೆಣಸಿನಕಾಯಿ ತೊಟ್ಟಿಗೆ ಹಾಲು ಹೆಪ್ಪಾಗೂದು ನಮ್ಮವ್ವನೂ ನೋಡಿಲ್ಲ, ಅವರವ್ವನೂ ನೋಡಿಲ್ಲ."

ಹೆಲ್ಮೆಟ್ ತೆಗೆದು ಗೋಡೆಗೆ ಹೊಡೆಯಬೇಕು ಅನ್ನಿಸಿತು. ಇಷ್ಟೆಲ್ಲ ಮಾಡಿ! ಸೋಸಿ, ಕಾಯಿಸಿ, ಇಷ್ಟೆಲ್ಲ ಮಾಡಿ, ಕೊನೆಗೆ ಆ ಒಂದು ಹನಿ!

"ನೋಡು, ಹೇಳೀನಿ" ಅಂದಳು ಅವ್ವ. ದನಿ ಸ್ವಲ್ಪ ಗಟ್ಟಿಯಾಗಿತ್ತು. "ಹೇಳದs ಹಾಕಿಲ್ಲ. ಬೇಕಾದ್ರ ತಿನ್ನು, ಬ್ಯಾಡಾದ್ರ ಬ್ಯಾಡ ಅನ್ನು."

"ಬ್ಯಾಡ."

ಸಿಟ್ಟಾಗುತ್ತಾಳೆ ಅಂದುಕೊಂಡೆ. ಆಗಲಿಲ್ಲ. ಚಮಚದಲ್ಲಿದ್ದುದನ್ನು ಮಾಮಾನ ಅಂಗೈಗೆ ಹಾಕಿದಳು. ಚಮಚವನ್ನು ಸೆರಗಿಗೆ ಒರೆಸಲು ಹೋಗಿ, ತಡೆದು, ಒಳಗೆ ಹೋಗಿ ಬೇರೆ ಚಮಚ ತಂದಳು. ಡಬ್ಬಿಯಿಂದ ಬರೀ ಸಕ್ಕರೆ ತೆಗೆದು ನನ್ನ ಅಂಗೈ ಮೇಲೆ ಹಾಕಿದಳು.

"ಇದರಾಗ ಏನೂ ಇಲ್ಲ. ಮೂಸಬೇಕಾದ್ರ ಮೂಸು."

ಮೂಸಲಿಲ್ಲ. ಹಾಗೇ ಬಾಯಿಗೆ ಹಾಕಿಕೊಂಡೆ.

ಮಾಮಾ ತನ್ನ ಪಾಲು ನೆಕ್ಕಿ ಮುಖ ಕಿವುಚಿದ. "ಅಕ್ಕಾ, ಇದೇನ ಮೊಸರು? ಸೇಂಗಾ ಚಟ್ನಿ ಹಳಸಿದಂಗ ಅದ."

"ನುಂಗು ಸುಮ್ನ," ಅಂದಳು ಅವ್ವ. "ಶಕುನಕ್ಕ ಯಾರರ ರುಚಿ ಕೇಳ್ತಾರೇನ? ಭಿಗವಣದ ಬದನಿಕಾಯಿ ಅಲ್ಲ ಅದು."

ಮಾಮಾ ನನ್ನ ಮುಖ ನೋಡಿದ. ನಾನು ಹೇಳಿರಲಿಲ್ಲ, ದೇವರಾಣೆ.